ದ್ರವ್ಯಕ್ಕೆ ಮೌಲ್ಯವೆಲ್ಲಿಂದ? ಪ್ಯಾಟಿಂಕಿನ್ನರ ಸಮನ್ವಯದ ವಿಮರ್ಶೆ

ಒಂದು ಪಂಚೆಗೆ ಎಷ್ಟು ಅಕ್ಕಿ ಎಂಬ ಪ್ರಶ್ನೆಗೆ ಮೌಲ್ಯಸಿದ್ಧಾಂತವೂ, ಅದೇ ಪಂಚೆಗೆ ಎಷ್ಟು ರೂಪಾಯಿ ಎಂಬ ಪ್ರಶ್ನೆಗೆ ದ್ರವ್ಯಸಿದ್ಧಾಂತವೂ ಬೇರೆಬೇರೆಯಾಗಿ ಉತ್ತರ ಹೇಳುವುದು ಅರ್ಥಶಾಸ್ತ್ರದ ಹಳೆಯ ಪದ್ಧತಿ. ಸರಕುಗಳ ಸಾಪೇಕ್ಷ ಬೆಲೆಯನ್ನು ಬೇಡಿಕೆ-ಪೂರೈಕೆಗಳೂ, ಒಟ್ಟು ಬೆಲೆಮಟ್ಟವನ್ನು ದ್ರವ್ಯದ ಪರಿಮಾಣವೂ ನಿರ್ಣಯಿಸುತ್ತವೆಂಬುದು ಆ ಪದ್ಧತಿಯ ನಂಬಿಕೆ. ಡಾನ್ ಪ್ಯಾಟಿಂಕಿನ್ನರು 1956ರಲ್ಲಿ ಪ್ರಕಟಿಸಿದ ‘ಮನಿ, ಇಂಟರೆಸ್ಟ್ ಅಂಡ್ ಪ್ರೈಸಸ್’ ಈ ಇಬ್ಭಾಗವನ್ನು ಹೋಗಲಾಡಿಸಲೆತ್ನಿಸಿದ ಮಹತ್ತ್ವದ ಗ್ರಂಥ.

ಅವರ ಖಂಡನೆ ಬಿಗಿಯಾದುದು. ಎಲ್ಲ ಬೆಲೆಗಳೂ ಒಮ್ಮೆಲೇ ಇಮ್ಮಡಿಯಾದುವೆಂದು ಭಾವಿಸೋಣ. ಬೇಡಿಕೆಯು ಸಾಪೇಕ್ಷ ಬೆಲೆಗಳನ್ನಷ್ಟೇ ಅವಲಂಬಿಸಿದ್ದರೆ ಸರಕಿನ ಪೇಟೆಗಳ ಸಮತೋಲ ಕದಲದು. ಆಗ, ವಾಲ್ರಾನ ನಿಯಮದಂತೆ, ದ್ರವ್ಯದ ಬೇಡಿಕೆಯೂ ಪೂರೈಕೆಗೆ ಸಮನಾಗಿರಲೇಬೇಕು. ಪರಿಮಾಣ ಸಿದ್ಧಾಂತವಾದರೋ ಹಣದ ಕೊರತೆ ತಲೆದೋರಬೇಕೆನ್ನುತ್ತದೆ. ಎರಡೂ ಏಕಕಾಲಕ್ಕೆ ನಿಜವಾಗಲಾರವು. ಆದ್ದರಿಂದ ಜನರ ಕೈಯಲ್ಲಿರುವ ಹಣದ ಕೊಳ್ಳುವ ಶಕ್ತಿಯನ್ನು, ಎಂದರೆ ನೈಜ ಶಿಲ್ಕನ್ನು, ಪ್ಯಾಟಿಂಕಿನ್ನರು ಸರಕಿನ ಬೇಡಿಕೆಯೊಳಕ್ಕೇ ತಂದರು. ಬೆಲೆಯೇರಿದರೆ ಶಿಲ್ಕಿನ ಶಕ್ತಿ ಕುಗ್ಗುತ್ತದೆ, ಖರೀದಿ ತಗ್ಗುತ್ತದೆ, ಬೆಲೆ ಹಿಂದಿನ ಮಟ್ಟಕ್ಕೆ ಮರಳುತ್ತದೆ. ವಿರೋಧಾಭಾಸ ಪರಿಹಾರವಾಯಿತೆಂಬುದು ನಿರ್ವಿವಾದ.

ಆದರೆ ಸಮನ್ವಯ ಪೂರ್ಣವಾಯಿತೆ? ಫ್ರಾಂಕ್ ಹಾನ್ 1965ರಲ್ಲಿ ಎತ್ತಿದ ಆಕ್ಷೇಪ ಮೂಲಕ್ಕೇ ತಾಗುವಂಥದು. ಕಾಗದದ ಹಣಕ್ಕೆ ವಿನಿಮಯವಲ್ಲದೆ ಬೇರೆ ಪ್ರಯೋಜನವಿಲ್ಲ. ಅದಕ್ಕೆ ಬೆಲೆಯೇ ಇಲ್ಲದ ಸಮತೋಲವನ್ನು ಪ್ಯಾಟಿಂಕಿನ್ನರ ಸಮೀಕರಣಗಳು ತಳ್ಳಿಹಾಕಲಾರವು. ಪಾವತಿಯ ವೇಳೆ ಅನಿಶ್ಚಿತವಾದುದರಿಂದ ಜನ ಹಣವಿಟ್ಟುಕೊಳ್ಳುವರೆಂಬ ಅವರ ವಿವರಣೆ, ಹಣವನ್ನು ಎಲ್ಲರೂ ಸ್ವೀಕರಿಸುವರೆಂಬುದನ್ನು ಮೊದಲೇ ಒಪ್ಪಿಕೊಂಡಿದೆ.

ಎರಡನೆಯ ತೊಡಕು ಬ್ಯಾಂಕಿನ ಲೆಕ್ಕದ ಪುಸ್ತಕದಲ್ಲಿಯೇ ಕಾಣುತ್ತದೆ. ಇಂದಿನ ಹಣದ ಬಹುಭಾಗ ಠೇವಣಿ. ಠೇವಣಿದಾರನ ಆಸ್ತಿಗೆ ಎದುರಾಗಿ ಸಾಲಗಾರನ ಋಣ ನಿಂತಿದೆ. ಗರ್ಲಿ ಮತ್ತು ಶಾ 1960ರಲ್ಲಿ ಇದನ್ನು ‘ಒಳಗಿನ ಹಣ’ವೆಂದು ಪ್ರತ್ಯೇಕಿಸಿದರು. ಬೆಲೆ ಇಳಿದಾಗ ಒಬ್ಬನಿಗಾದ ಲಾಭ ಇನ್ನೊಬ್ಬನಿಗೆ ಹೊರೆ; ಸಮಾಜದ ನಿವ್ವಳ ಸಂಪತ್ತು ಅದರಿಂದ ಹಿಗ್ಗದು. ಸಾಲದ ಭಾರ ಹೆಚ್ಚಿ ದಿವಾಳಿಗಳು ಸಂಭವಿಸಬಹುದೆಂದು ಪಿಗೂ ಅವರ ವಾದಕ್ಕೆ ಉತ್ತರವಾಗಿ ಕಲೆಟ್ಸ್ಕಿ 1944ರಲ್ಲಿಯೇ ಎಚ್ಚರಿಸಿದ್ದರು. ಬೆಲೆಗಳ ಇಳಿತವೇ ಮುಗ್ಗಟ್ಟಿಗೆ ಮದ್ದೆಂದು ಪ್ಯಾಟಿಂಕಿನ್ನರೂ ನಂಬಿದವರಲ್ಲ. ಆದರೂ ಅವರ ಸಮತೋಲದ ಚಿತ್ರದಲ್ಲಿ ಸಾಲಗಾರನ ಸಂಕಟಕ್ಕೆ ಸ್ಥಾನ ಕಿರಿದು.

ಹಣಕ್ಕೆ ಬೆಲೆಯಿದ್ದರೆ ಅದು ಎಷ್ಟೆಂಬುದನ್ನು ಈ ಗ್ರಂಥ ನಿರ್ಣಯಿಸಿತು. ಬೆಲೆ ಏಕಿದೆಯೆಂಬುದನ್ನು ಉಳಿಸಿತು. ನಾಳೆ ಮತ್ತೊಬ್ಬನು ಸ್ವೀಕರಿಸುವನೆಂಬ ವಿಶ್ವಾಸ, ತೆರಿಗೆಯನ್ನು ಅದರಲ್ಲಿಯೇ ವಸೂಲುಮಾಡುವ ಪ್ರಭುತ್ವ, ಸಾಲವನ್ನು ಊರ್ಜಿತಗೊಳಿಸುವ ಕಾಯಿದೆ ಇವು ಮೌಲ್ಯಸಿದ್ಧಾಂತದೊಳಗೆ ಬರುವವರೆಗೆ ಸಮನ್ವಯ ಅರ್ಧವೇ ಸರಿ. ಆ ಅರ್ಧವನ್ನು ಕಾಣಿಸಿಕೊಟ್ಟುದೂ ಪ್ಯಾಟಿಂಕಿನ್ನರ ತರ್ಕವೇ ಎಂಬುದನ್ನು ಮರೆಯುವಂತಿಲ್ಲ.