ಭಂಡಾರದರಾದ ಹಳೆಯ ನಕಾಶೆ: ಒಂದು ವಿಮರ್ಶೆ

ಕಥೆ, ಕವಿತೆಗಳಂತೆ ನಕಾಶೆಯನ್ನೂ ವಿಮರ್ಶಿಸಬಹುದೆಂದು ನಾವು ನಂಬಿದ್ದೇವೆ. ಸರ್ವೆ ಆಫ್ ಇಂಡಿಯಾದ 47 ಇ ವಿಭಾಗದಲ್ಲಿ, ಮೈಲಿಗೊಂದು ಅಂಗುಲದ ಹಳೆಯ ಅಳತೆಯಲ್ಲಿ, ನಾಸಿಕದ ದಕ್ಷಿಣದ ಸಹ್ಯಾದ್ರಿ ಸೊಗಸಾಗಿ ಮೂಡಿದೆ. 5,400 ಅಡಿಯ ಕಳಸೂಬಾಯಿಯ ಸುತ್ತ ಸಮೋನ್ನತಿ ರೇಖೆಗಳು ಎಷ್ಟು ಒತ್ತಾಗಿವೆಯೆಂದರೆ, ನೋಡಿದಷ್ಟಕ್ಕೇ ಏದುಸಿರು ಬರುತ್ತದೆ!

ನಮ್ಮ ತಕರಾರು ಸರೋವರದ ಬಗ್ಗೆ. 1926ರಲ್ಲಿ ಪ್ರವರಾ ನದಿಗೆ ವಿಲ್ಸನ್ ಅಣೆಕಟ್ಟು ಪೂರ್ಣಗೊಂಡು, ಕಣಿವೆ ತುಂಬಿ ಆರ್ಥರ್ ಸರೋವರವಾಯಿತು. (ಹೆಸರುಗಳೆರಡೂ ಸಾಹೇಬರವು, ಇರಲಿ.) ಗುಡ್ಡದಿಂದ ಒಂದೊಂದಾಗಿ ಇಳಿದು ಬಂದ ರೇಖೆಗಳು ದಡದಲ್ಲೇ ನಿಂತುಬಿಡುತ್ತವೆ, ಒಳಗೆ ಬರೀ ನೀಲಿ. ಮುಳುಗಿದ ಕಣಿವೆ ಎಷ್ಟು ಆಳ, ವೈಶಾಖದಲ್ಲಿ ನೀರು ಎಲ್ಲಿಗಿಳಿಯುತ್ತದೆ ಎಂಬುದಕ್ಕೆ ಉತ್ತರವಿಲ್ಲ. ದೇವರೇ ತೋಡಿದ ಕೆರೆಯೆಂದು ಹೊಸಬರು ತಿಳಿದಾರು.

ಇದಕ್ಕಿಂತ ದೊಡ್ಡ ಕೊರತೆ ಹಾಳೆಯ ಅಂಚು. ಪ್ರವರಾ ಅಲ್ಲಿಗೆ ನಿಲ್ಲದೆ ಗೋದಾವರಿಯನ್ನು ಸೇರಿ ಪೈಠಣದ ನಾಥಸಾಗರಕ್ಕೆ ಹೋಗುತ್ತದೆ. ಛತ್ರಪತಿ ಸಂಭಾಜಿನಗರ ಕುಡಿಯುವುದು ಆ ನೀರನ್ನೇ. ಮಳೆ ಕೈಕೊಟ್ಟ ವರ್ಷ ನಾಸಿಕ, ಅಹಿಲ್ಯಾನಗರದ ಅಣೆಕಟ್ಟುಗಳಿಂದ ಕೆಳಗೆ ನೀರು ಬಿಡುವ ಮಾತೆದ್ದರೆ ಜಗಳ. 2005ರ ಕಾಯಿದೆ ಬಂದ ಮೇಲೂ ಅದು ನಿಂತಿಲ್ಲ. ಕಾವೇರಿಯ ವ್ಯಾಜ್ಯ ಕೇಳುತ್ತ ಬೆಳೆದ ನಮ್ಮವರು ಎರಡೂ ಊರುಗಳಲ್ಲಿದ್ದಾರೆ. ಆಯಾ ಊರಿನ ಪಕ್ಷವನ್ನೇ ಹಿಡಿದು ವಾದಿಸುತ್ತಾರೆ.

ವಾಚಕರು 47 ಇ, 47 ಐ, 47 ಎಂ ವಿಭಾಗಗಳ ಹಾಳೆಗಳನ್ನು ನೆಲದ ಮೇಲೆ ಜೋಡಿಸಿ ನೋಡಬೇಕು. ಭಂಡಾರದರಾದಿಂದ ಪೈಠಣಕ್ಕೆ ಸುಮಾರು 9 ಅಡಿ.