ಫಿಯೆಟ್ಟಿನ ಹೆಡ್ ಗ್ಯಾಸ್ಕೆಟ್ ಮತ್ತು ಬೋರ್‌ವೆಲ್ ನೀರು

ಪ್ರೀಮಿಯರ್ ಪದ್ಮಿನಿಯ ಸೋಲೆಕ್ಸ್ ಕಾರ್ಬುರೇಟರನ್ನು ಮನೆಯಲ್ಲೇ ಬಿಚ್ಚಿ ತೊಳೆದು ಜೋಡಿಸುವ ಕ್ರಮವನ್ನು ಈ ವಾರ ವಿವರಿಸಲಾಗುವುದೆಂದು ಕಳೆದ ವಾರದ ಅಂಕಣದ ಕೊನೆಯಲ್ಲಿ ತಿಳಿಸಲಾಗಿತ್ತು. ಆದರೆ ನಾಲ್ಕು ಸಿಲಿಂಡರುಗಳಲ್ಲೂ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರಿ ಪೆಟ್ರೋಲು–ಗಾಳಿಯ ಮಿಶ್ರಣವನ್ನು ಅದುಮುವಾಗ ಹುಟ್ಟುವ ಒತ್ತಡ, ಹೆಚ್ಚುಕಡಿಮೆ ಒಂದೇ ಸಮನಾಗಿ ಇಲ್ಲದಿದ್ದರೆ ಕಾರ್ಬುರೇಟರಿನ ಸ್ಕ್ರೂ ತಿರುಗಿಸುತ್ತ ಕೂರುವುದು ವ್ಯರ್ಥ. ಹಳೆಯ ಫಿಯೆಟ್ಟುಗಳಲ್ಲಿ ಆ ಸಮತೋಲ ತಪ್ಪಿದಾಗ ಮೊದಲು ಅನುಮಾನಿಸಬೇಕಾದದ್ದು ಹೆಡ್ ಗ್ಯಾಸ್ಕೆಟ್ಟನ್ನೇ ಆದ್ದರಿಂದ, ಅದರ ವಿಚಾರ ಇತ್ಯರ್ಥವಾಗದೆ ಕಾರ್ಬುರೇಟರಿಗೆ ಹೋಗುವುದು ನ್ಯಾಯವಲ್ಲ.

1964ರಿಂದ ಮುಂಬಯಿಯ ಕುರ್ಲಾದಲ್ಲಿ ಫಿಯೆಟ್ 1100 ಡಿಲೈಟ್ ಎಂದು ತಯಾರಾಗಿ, ಮುಂದೆ ಪದ್ಮಿನಿ ಎಂಬ ಹೆಸರು ಪಡೆದ ಈ ಕಾರಿನ 1089 ಸಿಸಿ ಇಂಜಿನ್ನಿನಲ್ಲಿ ಸಿಲಿಂಡರುಗಳನ್ನು ಹೊತ್ತ ಬ್ಲಾಕು ಬೀಡುಕಬ್ಬಿಣದ್ದು, ಅದನ್ನು ಮೇಲಿನಿಂದ ಮುಚ್ಚುವ ಹೆಡ್ಡು ಅಲ್ಯೂಮಿನಿಯಂನದು. ಕಾದಾಗ ಅಲ್ಯೂಮಿನಿಯಂ ಬೀಡುಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಇಂಜಿನ್ ಹಿತಮಿತವಾಗಿ ಬಿಸಿಯಾಗುತ್ತಿರುವವರೆಗೆ ಈ ವ್ಯತ್ಯಾಸವನ್ನು ನಡುವಿನ ಗ್ಯಾಸ್ಕೆಟ್ ಸಹಿಸಿಕೊಳ್ಳುತ್ತದೆ. ಮಿತಿಮೀರಿ ಕಾದರೆ, ಬೋಲ್ಟುಗಳ ಬಿಗಿತದಲ್ಲಿ ಹಿಗ್ಗಲು ಜಾಗ ಸಿಗದ ಹೆಡ್ಡು ಡೊಂಕಾಗುತ್ತದೆ, ಡೊಂಕಾದ ಜಾಗದಲ್ಲಿ ಬೆಂಕಿಯ ಅನಿಲ ನುಸುಳಿ ಗ್ಯಾಸ್ಕೆಟ್ಟನ್ನು ಸುಡುತ್ತದೆ. ಗ್ಯಾರೇಜಿನ ಮಾತಿನಲ್ಲಿ 'ಗ್ಯಾಸ್ಕೆಟ್ ಹೋಗಿದೆ' ಎನ್ನುವುದು ಇದಕ್ಕೇ. ಹೊಸದು ಹಾಕಿದ ಕೆಲವೇ ತಿಂಗಳಲ್ಲಿ ಅದೂ ಹೋದಾಗ ಮಾಲೀಕ ಅಂಗಡಿಯವನನ್ನು ದೂರುತ್ತಾನೆ, ಮೆಕ್ಯಾನಿಕ್ ಕಾರಿನ ವಯಸ್ಸನ್ನು ದೂರುತ್ತಾನೆ. ತಪ್ಪು ಇರುವುದು ಬಹುಪಾಲು ನೀರಿನಲ್ಲಿ.

ನೀರಿನ ಮಾತು ಬಂದಮೇಲೆ ಹಳೆಯದೊಂದು ವ್ಯಾಜ್ಯವನ್ನು ಮತ್ತೆ ಎತ್ತಲೇಬೇಕು. ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಥರ್ಮೋಸ್ಟಾಟ್ ಎಂಬ ಬಾಗಿಲಿದೆ. ಇಂಜಿನ್ ತಕ್ಕಷ್ಟು ಬಿಸಿಯಾಗುವವರೆಗೆ ಅದು ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ನಮ್ಮದು ಸೆಕೆಯ ದೇಶ, ಇದು ಇಲ್ಲಿಗೆ ಬೇಡ ಎಂದು ಕಿತ್ತೆಸೆಯುವ ಪಂಥವೊಂದು ನಮ್ಮ ಗ್ಯಾರೇಜುಗಳಲ್ಲಿ ಬೇರೂರಿದೆ, ಮತ್ತು ಕಿತ್ತ ಮೇಲೆ ಮೀಟರಿನ ಮುಳ್ಳು ಕೆಲವು ವಾರ ಕೆಳಗೇ ನಿಲ್ಲುವುದರಿಂದ ಆ ಪಂಥಕ್ಕೆ ಅನುಯಾಯಿಗಳೂ ಹೆಚ್ಚು. ಮುಳ್ಳು ಇಳಿದದ್ದು ರೋಗ ವಾಸಿಯಾದ ಲಕ್ಷಣವಲ್ಲ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಬೆಳಗಿನ ಹೊತ್ತು ಬಹಳ ದೂರ ತಣ್ಣಗೇ ಓಡುತ್ತದೆ, ಆವಿಯಾಗದ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ಕೆಳಗಿನ ಆಯಿಲಿನಲ್ಲಿ ಬೆರೆಯುತ್ತದೆ, ಪಿಸ್ಟನ್ನಿನ ರಿಂಗೂ ಸಿಲಿಂಡರಿನ ಬೋರೂ ಬೇಗ ಸವೆಯುತ್ತವೆ. ಕೊನೆಗೆ ಅದೇ ಮೆಕ್ಯಾನಿಕ್ಕು ಬೋರ್ ಮಾಡಿಸಬೇಕು ಎನ್ನುತ್ತಾನೆ. ಇದಕ್ಕಿಂತ ಅನ್ಯಾಯದ ರಿಪೇರಿ ಈ ಕಸುಬಿನಲ್ಲಿ ಬೇರೆ ಇಲ್ಲ.

ಇನ್ನು ನೀರಿನ ದೋಷಕ್ಕೆ ಬಂದರೆ, ಬೆಂಗಳೂರಿನ ಬೋರ್‌ವೆಲ್ ನೀರು ಎಂಥದ್ದು ಎಂಬುದು ಗೀಸರಿನ ಕಾಯಿಲ್ ಬಿಚ್ಚಿ ನೋಡಿದವರಿಗೆಲ್ಲ ತಿಳಿದಿದೆ. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದರೆ ಸಿಲಿಂಡರುಗಳ ಸುತ್ತಲಿನ ನೀರಿನ ದಾರಿಗಳಲ್ಲಿ ಸುಣ್ಣ ಕಟ್ಟುತ್ತದೆ, ತುಕ್ಕಿನ ಗಸಿಯೂ ಸೇರಿ ಬ್ಲಾಕಿನ ಹಿಂಭಾಗದಲ್ಲಿ ಗಟ್ಟಿಯಾಗುತ್ತದೆ. ಸುಣ್ಣದ ಪದರ ಶಾಖವನ್ನು ತಡೆಯುವುದರಿಂದ ಒಳಗಿನ ಲೋಹ ಎಷ್ಟು ಕಾದಿದೆ ಎಂಬುದು ನೀರಿಗೆ ಮುಟ್ಟುವುದೇ ಇಲ್ಲ, ಮೀಟರೂ ಸತ್ಯ ಹೇಳುವುದಿಲ್ಲ. ಇದರ ಜೊತೆಗೆ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ಊರಿನಲ್ಲಿ ತೆರೆದ ನೀರು 100 ಡಿಗ್ರಿಗಲ್ಲ, 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು ಮೇಲೇರಿಸುವುದು ರೇಡಿಯೇಟರ್ ಮುಚ್ಚಳದ ಕೆಲಸ. ಅದರ ರಬ್ಬರು ಒಣಗಿ ಸೀಳಿದ್ದರೆ ಸಿಗ್ನಲ್ಲಿನಲ್ಲಿ ನಿಂತ ಕಾರು ಕುದಿಯಲು ಬೇರೆ ಕಾರಣ ಬೇಕಿಲ್ಲ.

ಆದ್ದರಿಂದ ಹೆಡ್ ಇಳಿಸುವ ಮುನ್ನ ಅಳತೆ ಆಗಬೇಕು. ಬೆಚ್ಚಗಿರುವ ಇಂಜಿನ್ನಿನ ಪ್ಲಗ್ಗುಗಳನ್ನು ಬಿಚ್ಚಿ ಕಂಪ್ರೆಷನ್ ಗೇಜ್ ಹಿಡಿದಾಗ ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕುಸಿದಿದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಹೋಗಿದೆ ಎಂದು ಹೆಚ್ಚುಕಡಿಮೆ ನಿಶ್ಚಯಿಸಬಹುದು. ಒಂದೇ ಕುಸಿದಿದ್ದರೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು, ಒತ್ತಡ ಏರಿದರೆ ದೋಷ ರಿಂಗಿನದು, ಏರದಿದ್ದರೆ ಬಹುಶಃ ವಾಲ್ವಿನದು. ಈ ಇಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗೇ ಇದ್ದು ವಾಲ್ವುಗಳನ್ನು ಪುಶ್‌ರಾಡ್ ಎಂಬ ಉದ್ದ ಕಡ್ಡಿಗಳು ಎತ್ತುವುದರಿಂದ, ಟೈಮಿಂಗ್ ಚೈನನ್ನು ಮುಟ್ಟದೆ ಹೆಡ್ ಇಳಿಸಬಹುದು. ಮನೆಯಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ. ಎಂಟೂ ಪುಶ್‌ರಾಡುಗಳನ್ನು ರಟ್ಟಿನ ತುಂಡಿನಲ್ಲಿ ತೂತು ಮಾಡಿ, ನಂಬರು ಬರೆದು, ಬಂದ ಕ್ರಮದಲ್ಲೇ ಸಿಕ್ಕಿಸಿಡಬೇಕು. ಹಳೆಯ ಗ್ಯಾಸ್ಕೆಟ್ಟಿನಲ್ಲಿ ಅಸ್ಬೆಸ್ಟಾಸ್ ಇದ್ದೀತಾದ್ದರಿಂದ ಒಣಗಿದ್ದನ್ನು ಕೆರೆಯದೆ ನೀರಿನಿಂದ ತೋಯಿಸಿ ತೆಗೆಯಬೇಕು. ಅನಂತರ ಹೆಡ್ಡಿನ ತಳಕ್ಕೆ ನೇರವಾದ ಉಕ್ಕಿನ ಪಟ್ಟಿಯನ್ನು ಉದ್ದಕ್ಕೂ ಎರಡೂ ಮೂಲೆಗಳಿಂದ ಅಡ್ಡಕ್ಕೂ ಇಟ್ಟು, ಕೆಳಗೆ ಫೀಲರ್ ಗೇಜಿನ 0.05 ಮಿಲಿಮೀಟರಿನ ಎಲೆಯನ್ನು ತೂರಿಸಿ ನೋಡಬೇಕು. ಎಲ್ಲಾದರೂ ಸಲೀಸಾಗಿ ತೂರಿದರೆ ಹೆಡ್ಡು ಲೇತ್ ವರ್ಕ್‌ಶಾಪಿಗೆ ಹೋಗಿ ಸಮತಟ್ಟಾಗಿ ಬರಬೇಕು, ಬ್ಲಾಕಿನ ಮೇಲ್ಮೈಗೂ ಇದೇ ಪರೀಕ್ಷೆ ಆಗಬೇಕು. ಈ ಅಳತೆ ಇಲ್ಲದೆ ಹಾಕಿದ ಹೊಸ ಗ್ಯಾಸ್ಕೆಟ್ ದಂಡ.

ಹೆಡ್ಡು ಲೇತಿನಲ್ಲಿರುವ ದಿನಗಳೇ ಬ್ಲಾಕಿನ ಸುಣ್ಣ ತೆಗೆಯಲು ತಕ್ಕ ಸಮಯ. ಬ್ಲಾಕಿನ ಪಕ್ಕದ ತಗಡಿನ ಬಿಲ್ಲೆಗಳನ್ನು, ಅಂದರೆ ಕೋರ್ ಪ್ಲಗ್ಗುಗಳನ್ನು, ತೆಗೆದು ಹಿಂಬದಿಯ ಗಸಿಯನ್ನು ತಂತಿಯಿಂದ ಕೆದಕಿ ನೀರು ಹಾಯಿಸಬೇಕು, ರೇಡಿಯೇಟರನ್ನು ಬಿಚ್ಚಿ ತಲೆಕೆಳಗಾಗಿ ತೊಳೆಯಬೇಕು. ಕಾಸ್ಟಿಕ್ ಸೋಡಾ ಹಾಕಿ ಇಂಜಿನ್ ಓಡಿಸುವ ಉಪಾಯ ಬೀಡುಕಬ್ಬಿಣದ ಹೆಡ್ಡಿನ ಕಾರುಗಳ ಕಾಲದ್ದು. ಅಲ್ಯೂಮಿನಿಯಂ ಹೆಡ್ಡನ್ನು ಅದು ತಿಂದುಹಾಕುತ್ತದೆ. ಜೋಡಿಸುವಾಗ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಕಂತುಕಂತಾಗಿ, ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು, ಇಂಜಿನ್ ಒಮ್ಮೆ ಕಾದು ಪೂರ್ತಿ ತಣಿದ ಮೇಲೆ ಮತ್ತೆ ಬಿಗಿದು ಟ್ಯಾಪೆಟ್ ಸರಿಪಡಿಸಬೇಕು. ಈ ಎರಡನೆಯ ಬಿಗಿತಕ್ಕೆ ಕಾಯುವ ಪುರುಸೊತ್ತು ಗ್ಯಾರೇಜಿಗಿಲ್ಲ, ಮನೆಗಿದೆ.

ಇಷ್ಟು ಪಾಡು ಏಕೆ, ಬೇರೆ ಕಾರಿನ ಇಂಜಿನ್ ಕೂರಿಸಿದರಾಯಿತಲ್ಲ ಎನ್ನುವವರು ಕನ್ನಡನಾಡಿನಲ್ಲೂ ಇರುವುದು ಬೇಸರದ ಸಂಗತಿ. ದೇಶದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಕಂಡುಬಂದು ಯೋಜನೆ ಬರೆದವರು ಸರ್ ಎಂ. ವಿಶ್ವೇಶ್ವರಯ್ಯ. ಅದನ್ನು ಕೈಗೆತ್ತಿಕೊಂಡ ವಾಲ್‌ಚಂದ್ ಹೀರಾಚಂದ್ ಅವರ ಕಾರು ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ನೆಲೆಗೊಳ್ಳಲಿಲ್ಲ. 1940ರಲ್ಲಿ ಅವರಿಂದ ಬೆಂಗಳೂರಿಗೆ ಬಂದದ್ದು ವಿಮಾನದ ಕಾರ್ಖಾನೆ, ಕಾರಿನದು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂದು ಮುಂಬಯಿ ಸೇರಿತು. ಪದ್ಮಿನಿ ಆ ಕಂಪನಿಯದೇ. ಅದರ ಮೂಲ ಇಂಜಿನ್ನನ್ನು ಗುಜರಿಗೆ ಹಾಕುವುದೆಂದರೆ ಆ ಚರಿತ್ರೆಯ ಒಂದು ತುಣುಕನ್ನೂ ಹಾಕಿದಂತೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಂದೇ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಅಂಥ ಶುಲ್ಕ ತೆತ್ತು ಕಾರನ್ನು ಉಳಿಸಿಕೊಂಡವರು ಇಂಜಿನ್ನಿನ ವಿಷಯದಲ್ಲಿ ಕೈಚೆಲ್ಲಬಾರದು.

ಫಿಯೆಟ್ ಇಟ್ಟುಕೊಂಡಿರುವ ಓದುಗರು ಈ ಭಾನುವಾರ ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ನೀರಿನ ಬಣ್ಣ ನೋಡಲಿ. ಅದು ಕೆಂಪಗಿದ್ದರೆ ಕಾರ್ಬುರೇಟರಿಗೆ ಕೈ ಹಾಕದೆ ಮೊದಲು ನೀರಿನ ದಾರಿಯನ್ನು ಶುದ್ಧಮಾಡಲಿ, ಥರ್ಮೋಸ್ಟಾಟ್ ಇಲ್ಲದಿದ್ದರೆ ಹೊಸದನ್ನು ಕೂರಿಸಲಿ, ಇನ್ನು ಮುಂದೆ ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿದ ಕೂಲೆಂಟನ್ನಲ್ಲದೆ ಬೇರೇನನ್ನೂ ಸುರಿಯದಿರಲಿ.