ಪ್ರೇಮ, ನ್ಯಾಯ ಮತ್ತು ಸಮುದಾಯದ ಅಹಂಕಾರ: ರೈನ್‌ಹೋಲ್ಡ್ ನೀಬರ್ ಅವರ ನೀತಿವಿಚಾರ

ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬುದು ಕ್ರೈಸ್ತನೀತಿಯ ಮೂಲವಿಧಿ. ಒಬ್ಬ ಮನುಷ್ಯನು ಇನ್ನೊಬ್ಬನೊಡನೆ ವ್ಯವಹರಿಸುವಾಗ ಈ ವಿಧಿಯ ಅರ್ಥ ಸ್ಪಷ್ಟವಾಗಿಯೇ ಇದೆ. ಅದನ್ನು ಆಚರಿಸುವುದು ಕಷ್ಟ, ಅಷ್ಟೆ. ಆದರೆ ಒಂದು ಕಾರ್ಖಾನೆ ತನ್ನ ಕೂಲಿಗಾರರನ್ನು, ಒಂದು ವರ್ಗ ಮತ್ತೊಂದು ವರ್ಗವನ್ನು, ಒಂದು ರಾಷ್ಟ್ರ ಮತ್ತೊಂದು ರಾಷ್ಟ್ರವನ್ನು ಪ್ರೀತಿಸುವುದೆಂದರೆ ಏನು? ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಯನ್ನು ನಿಷ್ಠುರವಾಗಿ ಕೇಳಿದ ದೈವಶಾಸ್ತ್ರಜ್ಞರಲ್ಲಿ ಅಮೆರಿಕದ ರೈನ್‌ಹೋಲ್ಡ್ ನೀಬರ್ (1892–1971) ಪ್ರಮುಖರು. 1932ರಲ್ಲಿ ಪ್ರಕಟವಾದ ಅವರ 'ಮಾರಲ್ ಮ್ಯಾನ್ ಅಂಡ್ ಇಮ್ಮಾರಲ್ ಸೊಸೈಟಿ', ಎಂದರೆ 'ನೀತಿವಂತ ವ್ಯಕ್ತಿ, ನೀತಿಹೀನ ಸಮಾಜ' ಎಂಬ ಗ್ರಂಥವನ್ನೇ ಮುಖ್ಯವಾಗಿ ಇಟ್ಟುಕೊಂಡು, ಅದರಲ್ಲಿ ಗಾಂಧೀಜಿಯವರ ಸತ್ಯಾಗ್ರಹವನ್ನು ಕುರಿತು ಬರುವ ವಿವೇಚನೆಯನ್ನು ಇಲ್ಲಿ ವಿಶೇಷವಾಗಿ ಪರೀಕ್ಷಿಸಬಯಸುತ್ತೇವೆ.

ನೀಬರ್ ಅವರ ವಿಚಾರ ಗ್ರಂಥಾಲಯದಲ್ಲಿ ಹುಟ್ಟಿದುದಲ್ಲ. 1915ರಿಂದ 1928ರವರೆಗೆ ಅವರು ಡೆಟ್ರಾಯಿಟ್ ನಗರದ ಬೆಥೆಲ್ ಚರ್ಚಿನಲ್ಲಿ ಸಭಾಪಾಲಕರಾಗಿದ್ದರು. ಅದು ಹೆನ್ರಿ ಫೋರ್ಡರ ಮೋಟಾರು ಕಾರ್ಖಾನೆಗಳು ಬೆಳೆಯುತ್ತಿದ್ದ ಕಾಲ. 1914ರಲ್ಲಿ ದಿನಕ್ಕೆ ಐದು ಡಾಲರುಗಳ ಕೂಲಿಯನ್ನು ಘೋಷಿಸಿ ಫೋರ್ಡರು ಲೋಕಪ್ರಸಿದ್ಧ ಉದಾರಿಗಳೆನಿಸಿಕೊಂಡಿದ್ದರು. ಆದರೆ 1927ರಲ್ಲಿ ಹಳೆಯ ಮಾದರಿಯ ಕಾರನ್ನು ಕೈಬಿಟ್ಟು ಹೊಸ ಮಾದರಿಗೆ ಯಂತ್ರಗಳನ್ನು ಸಜ್ಜುಗೊಳಿಸಿದ ತಿಂಗಳುಗಳಲ್ಲಿ ಸಹಸ್ರಾರು ಕೂಲಿಗಾರರು ಸಂಬಳವಿಲ್ಲದೆ ಕುಳಿತಾಗ ಆ ಔದಾರ್ಯ ಯಾರ ಲೆಕ್ಕದಲ್ಲಿಯೂ ಬರಲಿಲ್ಲ. ಯಜಮಾನನು ವೈಯಕ್ತಿಕವಾಗಿ ದಯಾಳುವಾಗಿರಬಹುದು. ಅವನ ಸಂಸ್ಥೆಗೆ ದಯೆಯ ಇಂದ್ರಿಯವೇ ಇಲ್ಲ. ಸಭಾಪಾಲಕರಾಗಿದ್ದ ದಿನಗಳ ಟಿಪ್ಪಣಿಗಳನ್ನು ನೀಬರ್ 1929ರಲ್ಲಿ ಪ್ರಕಟಿಸಿದರು. ಮುಂದಿನ ಗ್ರಂಥದ ಬೀಜ ಅಲ್ಲಿಯೇ ಇದೆ.

ಅವರಿಗಿಂತ ಹಿಂದಿನ ತಲೆಮಾರಿನಲ್ಲಿ ವಾಲ್ಟರ್ ರೌಶನ್‌ಬುಶ್ ಮೊದಲಾದವರು 'ಸಾಮಾಜಿಕ ಸುವಾರ್ತೆ'ಯನ್ನು ಬೋಧಿಸಿದ್ದರು. ಪಾಪವು ವ್ಯಕ್ತಿಯಲ್ಲಿ ಮಾತ್ರವಲ್ಲ, ಸಂಸ್ಥೆಗಳಲ್ಲಿಯೂ ನೆಲಸಿರುತ್ತದೆಂದು ತೋರಿಸಿಕೊಟ್ಟ ಕೀರ್ತಿ ಅವರದು. ಆದರೆ ಆ ಪಂಥದ ಬಹುಮಂದಿಗೆ ಒಳ್ಳೆಯ ಬೋಧನೆಯಿಂದ ಸಮಾಜ ಕ್ರಮೇಣ ತಿದ್ದಿಕೊಳ್ಳುತ್ತದೆಂಬ ಭರವಸೆಯಿತ್ತು. ಜಾನ್ ಡ್ಯೂಯಿ ಅವರಂತಹ ತತ್ತ್ವಜ್ಞರು ಬೋಧನೆಯ ಸ್ಥಾನದಲ್ಲಿ ವಿಜ್ಞಾನಬುದ್ಧಿಯನ್ನಿರಿಸಿದರು. ಭರವಸೆ ಮಾತ್ರ ಅದೇ. ನೀಬರ್ ಈ ಎರಡನ್ನೂ ಒಟ್ಟಿಗೆ ತಳ್ಳಿಹಾಕುತ್ತಾರೆ. ವ್ಯಕ್ತಿಯಲ್ಲಿ ತನ್ನನ್ನು ತಾನೇ ವಿಮರ್ಶಿಸಿಕೊಳ್ಳುವ ಶಕ್ತಿಯುಂಟು, ಪರರ ನೋವನ್ನು ಊಹಿಸುವ ಕಲ್ಪನೆಯುಂಟು. ಸಮುದಾಯದಲ್ಲಿ ಇವೆರಡೂ ಕುಂಠಿತ. ಅಷ್ಟೇ ಅಲ್ಲ, ವ್ಯಕ್ತಿಯ ನಿಸ್ಸ್ವಾರ್ಥವೇ ಸಮುದಾಯದ ಸ್ವಾರ್ಥಕ್ಕೆ ಇಂಧನವಾಗುತ್ತದೆ: ದೇಶಕ್ಕಾಗಿ ಪ್ರಾಣ ಕೊಡುವವನ ತ್ಯಾಗವನ್ನು ದೇಶ ತನ್ನ ದುರಾಶೆಗೆ ಬಳಸಿಕೊಳ್ಳುತ್ತದೆ. ಆದುದರಿಂದ ಸಮಾಜದಲ್ಲಿ ಪ್ರೇಮವನ್ನು ನೇರವಾಗಿ ಬೇಡಿ ಫಲವಿಲ್ಲ. ನ್ಯಾಯವನ್ನು, ಅಧಿಕಾರಕ್ಕೆ ಎದುರಾಗಿ ಅಧಿಕಾರವನ್ನು ನಿಲ್ಲಿಸಿ, ಪಡೆಯಬೇಕು. ಇದು ಗ್ರಂಥದ ಸಾರ. ದೇಶಭಕ್ತಿಯನ್ನು ಕುರಿತ ಈ ಮಾತುಗಳಿಗಿಂತ ತೀಕ್ಷ್ಣವಾದುದನ್ನು ಆ ಕಾಲದ ನೀತಿಶಾಸ್ತ್ರದಲ್ಲಿ ನಾವು ಹೆಚ್ಚಾಗಿ ಕಂಡಿಲ್ಲ.

ಹಾಗಾದರೆ ಇದರಲ್ಲಿ ದೈವಶಾಸ್ತ್ರವೆಲ್ಲಿದೆ? ಹಾರ್ವರ್ಡಿನ ತತ್ತ್ವಜ್ಞ ಮಾರ್ಟನ್ ವೈಟ್, ನೀಬರ್ ಅವರ ರಾಜಕೀಯವನ್ನು ಒಪ್ಪಿ ದೇವರನ್ನು ಬಿಟ್ಟ ವಿದ್ವಾಂಸರನ್ನು 'ನೀಬರ್ ಪಕ್ಷದ ನಾಸ್ತಿಕರು' ಎಂದು ಪರಿಹಾಸ ಮಾಡಿದರು. ಪರಿಹಾಸದಲ್ಲಿ ಹುರುಳಿಲ್ಲದಿಲ್ಲ. 1932ರ ಗ್ರಂಥದಲ್ಲಿ ಪಾಪಸಿದ್ಧಾಂತ ಬಹಳ ಮಟ್ಟಿಗೆ ತೆರೆಯ ಹಿಂದೆಯೇ ಉಳಿದಿದೆ. 1935ರ 'ಆ್ಯನ್ ಇಂಟರ್‌ಪ್ರಿಟೇಷನ್ ಆಫ್ ಕ್ರಿಶ್ಚಿಯನ್ ಎಥಿಕ್ಸ್' ಗ್ರಂಥದಲ್ಲಿ ಪ್ರೇಮವನ್ನು 'ಅಸಾಧ್ಯವಾದ ಸಾಧ್ಯತೆ' ಎಂದು ಕರೆದ ಮೇಲೆಯೇ ಚಿತ್ರ ಪೂರ್ಣವಾಗುವುದು. ಪ್ರೇಮ ಯಾವ ಸಮಾಜದಲ್ಲಿಯೂ ಸಂಪೂರ್ಣವಾಗಿ ನೆರವೇರದು. ಆದರೂ ಪ್ರತಿಯೊಂದು ನ್ಯಾಯವ್ಯವಸ್ಥೆಯನ್ನೂ ಅದರ ಮುಂದೆ ನಿಲ್ಲಿಸಿ ವಿಚಾರಿಸಬೇಕು. ಈ ನ್ಯಾಯಾಧೀಶನನ್ನು ಕಳುಹಿಸಿಬಿಟ್ಟರೆ ನೀಬರ್ ಅವರ ವಾಸ್ತವವಾದದಲ್ಲಿ ಉಳಿಯುವುದು ಬರಿಯ ಜಾಣತನ. ಅಧಿಕಾರಸ್ಥರಿಗೆ ಅಂತಹ ಜಾಣತನವನ್ನು ಕಲಿಸಲು ದೈವಶಾಸ್ತ್ರಜ್ಞನೇ ಬೇಕಾಗಿಲ್ಲ.

ಈಗ ಸತ್ಯಾಗ್ರಹದ ವಿಚಾರ. ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ನೀಬರ್ ಗಾಂಧೀಜಿಯವರನ್ನು ಗೌರವದಿಂದಲೇ ಎದುರಿಸುತ್ತಾರೆ. ಅವರ ಆಕ್ಷೇಪಣೆಯಿದು: ಅಹಿಂಸಾತ್ಮಕ ಪ್ರತಿರೋಧವೂ ಒತ್ತಾಯದ ಒಂದು ರೂಪವೇ, ಅದನ್ನು ಶುದ್ಧ ಆತ್ಮಬಲವೆಂದೂ ಪ್ರೇಮಬಲವೆಂದೂ ಕರೆಯುವುದು ವಿಚಾರದ ಕಲಬೆರಕೆ. ಭಾರತದಲ್ಲಿ ಇಂಗ್ಲಿಷ್ ಬಟ್ಟೆಯನ್ನು ಬಹಿಷ್ಕರಿಸಿದರೆ ಮ್ಯಾಂಚೆಸ್ಟರಿನ ಕೂಲಿಗಾರರ ಮಕ್ಕಳು ಹಸಿಯುತ್ತಾರೆ. ಯುದ್ಧಕಾಲದ ದಿಗ್ಬಂಧನದಿಂದ ಜರ್ಮನಿಯ ಮಕ್ಕಳು ಹಸಿದುದಕ್ಕೂ ಇದಕ್ಕೂ ಆ ಮಕ್ಕಳ ಮಟ್ಟಿಗೆ ಏನು ವ್ಯತ್ಯಾಸ? ಈ ಪ್ರಶ್ನೆಯನ್ನು ಗಾಂಧೀಭಕ್ತರು ಸುಲಭವಾಗಿ ತಳ್ಳಿಬಿಡುವಂತಿಲ್ಲ. ಗಾಂಧೀಜಿಯವರೇ ತಳ್ಳಲಿಲ್ಲವೆಂಬುದನ್ನೂ ನೆನೆಯಬೇಕು. 1931ರ ಸೆಪ್ಟೆಂಬರಿನಲ್ಲಿ ಅವರು ಲ್ಯಾಂಕಷೈರಿನ ಡಾರ್ವೆನ್‌ಗೆ ಹೋಗಿ, ಬಹಿಷ್ಕಾರದಿಂದ ಕೆಲಸ ಕಳೆದುಕೊಂಡವರ ನಡುವೆಯೇ ನಿಂತು ತಮ್ಮ ಪಕ್ಷವನ್ನು ಹೇಳಿಕೊಂಡರು.

ನೀಬರ್ ಅಹಿಂಸೆಯ ಗುಣವನ್ನೂ ಮರೆಮಾಚುವುದಿಲ್ಲ. ಪ್ರತಿರೋಧಿಯು ತಾನೇ ನೋವುಣ್ಣುವುದರಿಂದ ಎದುರಾಳಿಯ ರೋಷ ತಗ್ಗುತ್ತದೆ, ತನ್ನ ಪಕ್ಷವೇ ಶಾಂತಿಯ ಪಕ್ಷವೆಂಬ ಅವನ ಸೋಗು ಕಳಚುತ್ತದೆ ಎನ್ನುತ್ತಾರೆ. ಅಮೆರಿಕದ ನೀಗ್ರೋ ಜನಾಂಗದ ವಿಮೋಚನೆ ಬಹುಶಃ ಇಂತಹ ತಂತ್ರವನ್ನೇ ಕಾದಿದೆಯೆಂದೂ ಅಲ್ಲಿಯೇ ಸೂಚಿಸುತ್ತಾರೆ. 1955–56ರಲ್ಲಿ ಮಾಂಟ್‌ಗೊಮರಿಯ ಕಪ್ಪು ಜನರು 381 ದಿನಗಳ ಕಾಲ ನಗರದ ಬಸ್ಸುಗಳನ್ನು ಬಹಿಷ್ಕರಿಸಿದುದನ್ನು ಬಲ್ಲ ಓದುಗನಿಗೆ ಈ ಪುಟಗಳು ಬೆರಗುಗೊಳಿಸುತ್ತವೆ.

ಆದರೆ ನಮ್ಮ ಆಕ್ಷೇಪ ಇಲ್ಲಿಯೇ. ಸ್ವಪೀಡನೆಯ ಪರಿಣಾಮವನ್ನು ನೀಬರ್ ಎದುರಾಳಿಯ ಮನಸ್ಸಿನಲ್ಲಿ ಮಾತ್ರ ಅಳೆಯುತ್ತಾರೆ. ಅದು ಹೋರಾಡುವ ಸಮುದಾಯಕ್ಕೆ ಏನು ಮಾಡುತ್ತದೆಂಬುದು ಅವರ ಗಮನಕ್ಕೆ ತಕ್ಕಷ್ಟು ಬಂದಿಲ್ಲ. ಆ ಗ್ರಂಥ ಹೊರಬಂದ ವರ್ಷದಲ್ಲಿಯೇ ನಮ್ಮ ಅಂಕೋಲೆ, ಸಿದ್ದಾಪುರಗಳ ರೈತರು ಕರನಿರಾಕರಣೆಯಲ್ಲಿ ಹೊಲಮನೆಗಳನ್ನು ಕಳೆದುಕೊಳ್ಳುತ್ತಿದ್ದರು. ತನ್ನ ಬೇಡಿಕೆಗೆ ತಾನೇ ಮೊದಲು ಬೆಲೆ ತೆರಬೇಕೆಂಬ ನಿಯಮಕ್ಕೆ ಒಳಪಟ್ಟ ಸಮುದಾಯ, ಆ ಬೇಡಿಕೆ ನ್ಯಾಯವೋ ದುರಾಶೆಯೋ ಎಂದು ಪ್ರತಿದಿನವೂ ಕೇಳಿಕೊಳ್ಳಬೇಕಾಗುತ್ತದೆ. ಸಮುದಾಯಕ್ಕೆ ಆತ್ಮವಿಮರ್ಶೆಯ ಶಕ್ತಿಯಿಲ್ಲವೆಂಬುದೇ ಅಲ್ಲವೆ ನೀಬರ್ ಅವರ ರೋಗನಿದಾನ? ಚೌರಿಚೌರದ ಹಿಂಸೆಯ ನಂತರ 1922ರಲ್ಲಿ ಗಾಂಧೀಜಿ ಇಡೀ ಚಳವಳಿಯನ್ನು ನಿಲ್ಲಿಸಿದುದು, ಒಂದು ಸಮುದಾಯವನ್ನು ಅದರ ಹೋರಾಟದ ನಡುವೆಯೇ ಆತ್ಮಪರೀಕ್ಷೆಗೆ ಗುರಿಮಾಡಿದ ಪ್ರಸಂಗ. ಅದು ವಿವೇಕವೋ ಅವಿವೇಕವೋ ಎಂಬ ವಾದ ಬೇರೆ. ತಾವು ಹುಡುಕುತ್ತಿದ್ದ ಔಷಧಿ ಎದುರಿಗೇ ಇರಲು, ನೀಬರ್ ಅದನ್ನು ಕೇವಲ ಆಯುಧಗಳ ಪಟ್ಟಿಯಲ್ಲಿ ಸೇರಿಸಿಬಿಟ್ಟರು. ಶಿಲುಬೆಯನ್ನು ತಮ್ಮ ದೈವಶಾಸ್ತ್ರದ ನಡುವೆ ನಿಲ್ಲಿಸಿದವರಿಂದ ಈ ಲೋಪ ಆದುದು ಅಚ್ಚರಿಯೇ ಸರಿ. ಶಿಲುಬೆಯ ಪ್ರೇಮ ಇತಿಹಾಸದಾಚೆಯದು, ರಾಜಕೀಯಕ್ಕೆ ಅದು ನೇರವಾಗಿ ಇಳಿಯದು ಎಂಬ ಅವರ ನಿಲುವೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ.

ಮಾರ್ಟಿನ್ ಲೂಥರ್ ಕಿಂಗ್ ವಿದ್ಯಾರ್ಥಿದೆಸೆಯಲ್ಲಿ ನೀಬರ್ ಅವರನ್ನು ಓದಿ ಕಲಿತವರು. ವ್ಯಕ್ತಿಗಳಿಗಿಂತ ಗುಂಪುಗಳು ಹೆಚ್ಚು ನೀತಿಗೆಡುತ್ತವೆಂಬ ವಿಚಾರವನ್ನು 1963ರ ಬರ್ಮಿಂಗ್‌ಹ್ಯಾಮ್ ಸೆರೆಮನೆಯ ಪತ್ರದಲ್ಲಿ ಅವರ ಹೆಸರು ಹೇಳಿಯೇ ಬಳಸಿಕೊಂಡರು. ಆದರೆ 1958ರ 'ಸ್ಟ್ರೈಡ್ ಟುವರ್ಡ್ ಫ್ರೀಡಮ್' ಗ್ರಂಥದಲ್ಲಿ, ಅಹಿಂಸಾವಾದವನ್ನು ಕೇಡಿಗೆ ಎದುರಾಡದ ನಿಷ್ಕ್ರಿಯತೆಯೆಂದು ನೀಬರ್ ತಪ್ಪಾಗಿ ಗ್ರಹಿಸಿದರೆಂದು ಟೀಕಿಸಿದರು. ಗುರುವಿನ ರೋಗನಿದಾನವನ್ನು ಒಪ್ಪಿ ಚಿಕಿತ್ಸೆಯನ್ನು ಬೇರೆಡೆಯಿಂದ ತಂದ ಶಿಷ್ಯನ ಮಾತಿದು.

ಪಾಪಸಿದ್ಧಾಂತದ ಮೇಲೆಯೂ ಒಂದು ಮಾತು. 1939ರಲ್ಲಿ ಎಡಿನ್‌ಬರೋದಲ್ಲಿ ಮಾಡಿದ ಗಿಫರ್ಡ್ ಉಪನ್ಯಾಸಗಳಲ್ಲಿ ನೀಬರ್ ಪಾಪವನ್ನು ಪ್ರಧಾನವಾಗಿ ಅಹಂಕಾರವೆಂದೇ ನಿರೂಪಿಸಿದರು. 1960ರಲ್ಲಿ ವ್ಯಾಲರಿ ಸೇವಿಂಗ್ ಎಂಬ ವಿದುಷಿ ಇದನ್ನು ಪ್ರಶ್ನಿಸಿದರು: ಇದು ಪುರುಷಾನುಭವದ ವರ್ಣನೆ, ಸದಾ ಇತರರ ಸೇವೆಯಲ್ಲಿ ತನ್ನತನವನ್ನೇ ಕಳೆದುಕೊಂಡ ಸ್ತ್ರೀಗೆ ಅಹಂಕಾರವನ್ನು ಬಿಡೆಂದು ಬೋಧಿಸಿದರೆ ಅವಳ ನಿಜವಾದ ದೋಷ ಇನ್ನಷ್ಟು ಬಲಿಯುತ್ತದೆ. ಇದೇ ಮಾತು ಸ್ವಪೀಡನೆಯನ್ನು ಕುರಿತು ನಾವು ಮೇಲೆ ಹೇಳಿದುದಕ್ಕೂ ತಗುಲುತ್ತದೆಂಬುದನ್ನು ಮುಚ್ಚಿಡಲಾರೆವು. ದುರ್ಬಲರಿಗೆ ನೋವನ್ನು ಧರ್ಮವೆಂದು ಪ್ರಬಲರು ಉಪದೇಶಿಸಿದಾಗ ಅದು ಸತ್ಯಾಗ್ರಹವಲ್ಲ. ತಾವೇ ಆರಿಸಿಕೊಂಡು, ಅನ್ಯಾಯದ ಎದುರು ಅದನ್ನು ಹೂಡಿದಾಗ ಮಾತ್ರ ಅದಕ್ಕೆ ಆ ಹೆಸರು ಸಲ್ಲುತ್ತದೆ.

ನೀಬರ್ ತಮ್ಮನ್ನು ತಿದ್ದಿಕೊಳ್ಳಲು ಹಿಂಜರಿದವರಲ್ಲ. ಗ್ರಂಥದ ಹೆಸರು ವ್ಯಕ್ತಿಯನ್ನು ಅತಿಯಾಗಿ ಹೊಗಳಿತೆಂದು 1965ರಲ್ಲಿ ಅವರೇ ನಗುನಗುತ್ತ ಒಪ್ಪಿಕೊಂಡರು; ಅಷ್ಟೇನೂ ನೀತಿವಂತನಲ್ಲದ ವ್ಯಕ್ತಿ, ಅವನಿಗಿಂತಲೂ ಕಡಮೆ ನೀತಿಯ ಸಮುದಾಯ ಎಂಬ ಅರ್ಥದ ಹೆಸರೇ ಒಪ್ಪುತ್ತಿತ್ತಂತೆ. ಆದರೆ ಅವರು ತಿದ್ದಿಕೊಳ್ಳದೆ ಹೋದ ಒಂದು ಮೌನವನ್ನು ಜೇಮ್ಸ್ ಕೋನ್ 2011ರ 'ದ ಕ್ರಾಸ್ ಅಂಡ್ ದ ಲಿಂಚಿಂಗ್ ಟ್ರೀ' ಗ್ರಂಥದಲ್ಲಿ ಎತ್ತಿ ಹೇಳಿದರು: ಶಿಲುಬೆಯನ್ನು ಕುರಿತು ಅಷ್ಟು ಬರೆದ ನೀಬರ್ ಅವರಿಗೆ, ತಮ್ಮ ದೇಶದಲ್ಲಿ ಕಪ್ಪು ಜನರನ್ನು ನೇಣುಹಾಕುತ್ತಿದ್ದ ಮರದಲ್ಲಿ ಅದೇ ಶಿಲುಬೆ ಕಾಣಲಿಲ್ಲವೇಕೆ? ಕೋನ್ ಪಾಠ ಹೇಳುತ್ತಿದ್ದುದು ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ. ನೀಬರ್ 1928ರಿಂದ 1960ರವರೆಗೆ ಪಾಠ ಹೇಳಿದುದೂ ಅಲ್ಲಿಯೇ.